ಹಿಟ್ಟು ಉಬ್ಬಿದ್ದು ನನಗೆ ಮಾತ್ರ ಕಂಡಿತ್ತು

ರುಬ್ಬಿದ ಉದ್ದನ್ನು ಪಾತ್ರೆಗೆ ತೋಡಿ, ಗ್ರೈಂಡರಿಗೆ ಅಕ್ಕಿ ಹಾಕುತ್ತಿದ್ದೆ. ಆಗ ಫೋನು ಬಂತು. ಎರಡೂ ಕೈ ಹಿಟ್ಟು. ಕಿರುಬೆರಳಿನ ತುದಿಯಿಂದ ಸ್ಪೀಕರಿನ ಗುಂಡಿ ಒತ್ತಿದೆ.

“ಅಕ್ಕಾ, ಜ್ಯೋತಿ ಮಾತಾಡ್ತಿರೋದು. ಅದೇನು, ಗ್ರೈಂಡರ್ ಸೌಂಡಾ? ನಿಲ್ಲಿಸ್ಬೇಡಿ, ಎರಡೇ ನಿಮಿಷ.”

ನಾನು ನಿಲ್ಲಿಸಿದೆ. ಏಳು ವರ್ಷದ ಮೇಲೆ ಆ ದನಿ ಕೇಳಿದ್ದು. ಅರವತ್ತೆರಡು ದಾಟಿದ್ದೇನೆ, ಕೆಲಸ ಬಿಟ್ಟು ಎರಡು ವರ್ಷವಾಯಿತು, ದಿನಾ ಎರಡು ಹೊತ್ತು ದೇವರಿಗೆ ದೀಪ ಹಚ್ಚುತ್ತೇನೆ. ಆದರೂ ಆ ದನಿ ಕೇಳಿದ್ದೇ ಎದೆಯ ಕೆಳಗೆ ಒಂದು ಕಡೆ ಚುರ್ರೆಂದಿತು. ಹೊಟ್ಟೆಕಿಚ್ಚಿಗೆ ಮಾತ್ರ ನಿವೃತ್ತಿಯ ವಯಸ್ಸೆಂಬುದಿಲ್ಲ.

“ನಮ್ಮ ಐದು ಡಬ್ಬಿ ಪಿಕ್ಚರ್ ನೆನಪಿದ್ಯಾ ಅಕ್ಕಾ? ಮುಂದಿನ ತಿಂಗಳು ಸ್ಟ್ರಾಟ್‌ಫರ್ಡ್‌ನಲ್ಲಿ ಒಂದು ಹಾಲ್‌ನಲ್ಲಿ ತೋರಿಸ್ತಿದೀವಿ. ನನ್ನ ಕೈಕೆಳಗೆ ಹೊಸದಾಗಿ ನಾಲ್ಕು ಹುಡುಗೀರು ಕೆಲಸಕ್ಕೆ ಸೇರಿದಾರೆ. ನೀವು ಬಂದು ಅವರಿಗೆ ಕೆಲಸದ ಬಗ್ಗೆ ಹೇಳ್ಬೇಕು. ಹಿಟ್ಟಿನ ಕಥೆ ಹೇಳ್ಲೇಬೇಕು.”

ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆ ನಾಲ್ಕು ಹುಡುಗಿಯರಿಗೆ ಕೆಲಸ ಎಂಥದ್ದು ಎಂದು ಹೇಳುವುದು ನ್ಯಾಯ.

ನಾನು ಕುಂದಾಪುರದ ಕಡೆಯವಳು. ನಮ್ಮ ಮನೆಯವರು ಲಂಡನ್ನಿನ ವೆಂಬ್ಲಿಯ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಕಿಂಗ್ಸ್‌ಬರಿಯಲ್ಲಿ ಎರಡು ಕೋಣೆಯ ಫ್ಲ್ಯಾಟು. ತೊಂಬತ್ತರ ದಶಕದ ಶುರುವಿನಲ್ಲಿ, ಮಗಳು ದೊಡ್ಡ ಸ್ಕೂಲಿಗೆ ಹೋಗತೊಡಗಿದ ಮೇಲೆ, ಕೌನ್ಸಿಲ್ ಲೈಬ್ರರಿಯ ಬೋರ್ಡಿನಲ್ಲಿ ಒಂದು ಚೀಟಿ ನೋಡಿದೆ: ಹಳೆಯ ಫಿಲ್ಮುಗಳ ದುರಸ್ತಿಗೆ ಸೂಕ್ಷ್ಮ ಕೈಯವರು ಬೇಕು, ವಾರಕ್ಕೆ ನಾಲ್ಕು ದಿನ. ಫಿಲ್ಮೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಸೂಕ್ಷ್ಮ ಕೈ ಎಂದರೆ ಗೊತ್ತಿತ್ತು.

ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ ಒಂದು ಉದ್ದನೆಯ ಶೆಡ್ಡು. ಅಲ್ಲಿಯ ಮುಖ್ಯಸ್ಥ ಡೆಸ್ಮಂಡ್. ಮೊದಲು ಥಿಯೇಟರುಗಳಲ್ಲಿ ಪಿಚ್ಚರ್ ಓಡಿಸುತ್ತಿದ್ದವರು, ಮೊಣಕಾಲು ನೋವಿನ ಮನುಷ್ಯ. ಹಿಂದೆ ಏನು ಕೆಲಸ ಮಾಡಿದ್ದೀರಿ ಎಂದು ಕೇಳಿದರು. ಮದುವೆಗೆ ಮೊದಲು ಎಂಟು ವರ್ಷ ಬೀಡಿ ಕಟ್ಟಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಎಲೆಯ ಅಳತೆಗೆ ಕತ್ತರಿಸಿ, ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಮಡಚಿ ತೋರಿಸಿದೆ. ಎರಡು ಉಸಿರಿನಷ್ಟು ಹೊತ್ತು. ಅವರು ಆ ಕಾಗದದ ಬೀಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಸೋಮವಾರ ಬಾ” ಎಂದರು.

ಕೆಲಸ ಇಷ್ಟೆ. ಎಂಬತ್ತು, ತೊಂಬತ್ತು ವರ್ಷ ಹಳೆಯ ಫಿಲ್ಮು, ಹಪ್ಪಳದ ಹಾಗೆ ಮುರಿಯುವಂಥದ್ದು. ಅದನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಮೆಲ್ಲ ಸುತ್ತುತ್ತಾ ಎರಡು ಬೆರಳ ನಡುವೆ ಅಂಚನ್ನು ಹಾಯಿಸಬೇಕು. ಎಲ್ಲಿ ಹರಿದಿದೆ, ಎಲ್ಲಿ ಅಂಚಿನ ತೂತು ಕಿತ್ತಿದೆ ಎಂದು ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದೆ. ಹೇಳಿದ ಕಡೆ ನಿಲ್ಲಿಸಿ ತೇಪೆ ಹಾಕಬೇಕು. ಹುಡುಗಿಯರೇ, ಕೈಗವಸು ಹಾಕಿಕೊಳ್ಳಿ ಎಂದು ನಿಮಗೆ ಹೇಳಿರುತ್ತಾರೆ. ಹಾಕಿಕೊಳ್ಳಿ. ಆದರೆ ಅನುಮಾನ ಬಂದ ಜಾಗದಲ್ಲಿ ಒಂದು ಕೈಯದನ್ನು ತೆಗೆದು ಬರಿ ಬೆರಳಿನಿಂದ ಅಂಚನ್ನಷ್ಟೇ ಮುಟ್ಟಿ ನೋಡಿ. ಬಟ್ಟೆಗೆ ತಿಳಿಯದ್ದು ಚರ್ಮಕ್ಕೆ ತಿಳಿಯುತ್ತದೆ.

ಶೆಡ್ಡಿಗೆ ಬರುತ್ತಿದ್ದುದರಲ್ಲಿ ಹೆಚ್ಚಿನವು ಕೌಬಾಯ್ ಚಿತ್ರಗಳು, ಎಲ್ಲವೂ ಮೂಕಿ. ದೊಡ್ಡ ಟೋಪಿ, ಧೂಳು, ಕುದುರೆ. ನಮ್ಮ ಮನೆಯವರಿಗೆ ಅದೊಂದು ತಮಾಷೆ. ಸಂಜೆ ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದರು, “ಎಂತ ಹೇಳ್ತ್ ಇವತ್ತ್ ನಿನ್ನ ಕುದ್ರಿ?”

“ಕುದ್ರಿ ಮಾತಾಡುದಿಲ್ಲೆ. ನಿಮ್ಮಾಂಗೆ ಅಲ್ಲ.”

ಮೊದಲ ವರ್ಷವೇ ನಾನು ಮಾಡಿದ ಅನಾಹುತ ಕೇಳಿ. ನವರಾತ್ರಿಯ ಆಯುಧ ಪೂಜೆಯ ದಿನ. ಅನ್ನ ಕೊಡುವ ಹತಾರಕ್ಕೆ ಆ ದಿನ ಪೂಜೆ ಮಾಡದೆ ಕೂರುವುದು ನಮ್ಮಲ್ಲಿ ಇಲ್ಲ. ಊರಲ್ಲಿ ಬೀಡಿ ಎಲೆಯ ಕತ್ತರಿಗೂ ಹೂ ಮುಡಿಸುತ್ತಿದ್ದೆವು. ಎಲ್ಲರಿಗಿಂತ ಮೊದಲು ಹೋಗಿ ನನ್ನ ಮೇಜು ಒರೆಸಿ, ಎರಡು ಚಕ್ರಕ್ಕೂ ಅಂಟಿಸುವ ಯಂತ್ರಕ್ಕೂ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟೆ. ಚೀಲದಿಂದ ಊದುಬತ್ತಿ ತೆಗೆದು ಬೆಂಕಿಪೊಟ್ಟಣ ಕೈಗೆತ್ತಿಕೊಂಡೆ.

ಡೆಸ್ಮಂಡ್ ಓಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಕೈಯಿಂದ ಪೊಟ್ಟಣ ಕಿತ್ತುಕೊಂಡು ಸಿಂಕಿನ ನೀರಿಗೆ ಎಸೆದರು. ಒಂದು ಮಾತೂ ಬೈಯಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ, ಉಗುರಿನಷ್ಟು ಹಳೆಯ ಫಿಲ್ಮಿನ ಚೂರನ್ನು ಕಲ್ಲಿನ ಮೇಲಿಟ್ಟು, ಉದ್ದ ಕೋಲಿನ ತುದಿಯಿಂದ ಕಿಡಿ ಮುಟ್ಟಿಸಿದರು. ಭಗ್ಗೆಂದಿತು. ನೀರು ಹಾಕಿದರೂ ನೀರಿನೊಳಗೇ ಉರಿಯಿತು. ಒಳಗೆ ಅಂಥ ಫಿಲ್ಮು ಇನ್ನೂರು ಡಬ್ಬಿ ಇತ್ತು. ಕೈಯಲ್ಲಿ ಉಳಿದಿದ್ದ ಊದುಬತ್ತಿಯನ್ನೂ ಅವರಿಗೆ ಕೊಟ್ಟುಬಿಟ್ಟೆ.

“ಗಿರ್ಜಾ,” ಎಂದರು. ಗಿರಿಜಾ ಎಂದು ಅವರ ಬಾಯಲ್ಲಿ ಕೊನೆವರೆಗೂ ಬರಲಿಲ್ಲ. “ನಿನ್ನ ದೇವರು ಒಳ್ಳೆಯವನು. ನನ್ನ ಮೊಣಕಾಲಿಗೆ ಹತ್ತು ಸೆಕೆಂಡು ಟೈಮ್ ಕೊಟ್ಟ.”

ಮರುವರ್ಷ ಅದೇ ಹೊತ್ತಿಗೆ ನನ್ನ ಮೇಜಿನ ಮೇಲೆ ಕಿತ್ತಳೆ ಬಣ್ಣದ ಹೂವಿನ ಗೊಂಚಲಿತ್ತು. ಜತೆಗೊಂದು ಚೀಟಿ: ಹತಾರಗಳ ಹಬ್ಬಕ್ಕೆ, ಬೆಂಕಿ ಇಲ್ಲದೆ. ಪ್ರತಿವರ್ಷ ಇಟ್ಟರು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಬೆರಳಿನ ಗಿಣ್ಣುಗಳ ಮೇಲೆ ಎಣಿಸುತ್ತೇನೆ. ಬಸ್ಸು ಬೇಗ ಬಂತು, ಒಂದು. ಮಗಳ ಜ್ವರ ಇಳಿಯಿತು, ಎರಡು. ಹಾಲು ಉಕ್ಕುವ ಮೊದಲು ನೆನಪಾಯಿತು, ಮೂರು. ಆ ಹೂಗಳನ್ನು ಎಷ್ಟೋ ಸಲ ಎಣಿಸಿದ್ದೇನೆ.

ಮೂಕಿ ಚಿತ್ರ ಮಾತಿಲ್ಲದೆ ಕಥೆ ಹೇಳುವ ಬಗೆಯನ್ನು ನಾನು ಬೆರಳಿನಿಂದ ಕಲಿತೆ. ನೀಲಿ ಬಣ್ಣ ಅದ್ದಿದ ತುಂಡೆಂದರೆ ರಾತ್ರಿ, ಚಿತ್ರ ತೆಗೆದದ್ದು ಮಟಮಟ ಮಧ್ಯಾಹ್ನವೇ ಆಗಿರಲಿ. ಹಳದಿಯೆಂದರೆ ಮನೆಯೊಳಗಿನ ದೀಪ. ಕೆಂಪೆಂದರೆ ಬೆಂಕಿ. ಕಪ್ಪು ವೃತ್ತ ನಾಲ್ಕೂ ಕಡೆಯಿಂದ ಕಿರಿದಾಗುತ್ತ ಒಂದು ಮುಖದ ಮೇಲೆ ನಿಂತರೆ, ಇವಳನ್ನೇ ನೋಡಿ ಎಂದು. ಕುದುರೆ ಎಡದಿಂದ ಬಲಕ್ಕೆ ಓಡಿದರೆ ಊರಿಗೆ ಹೋಗುತ್ತಿದೆ, ಬಲದಿಂದ ಎಡಕ್ಕಾದರೆ ಮನೆಗೆ ಬರುತ್ತಿದೆ.

ಒಮ್ಮೆ ಒಂದು ಚಿತ್ರದಲ್ಲಿ ನಾಯಕ ಮನೆ ಬಿಟ್ಟು ಹೊರಟವನು, ಮರುಕ್ಷಣದಲ್ಲಿ ಮನೆಯ ಕಡೆಗೇ ಓಡುತ್ತಿದ್ದ. ಎಲ್ಲರೂ ನಡುವಿನ ತುಂಡು ಕಳೆದುಹೋಗಿದೆ ಎಂದರು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಆತ ಕುದುರೆಯ ಮೇಲೆ ಕೂತು ಎಡಗೈಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಎಡಗೈಯಲ್ಲಿ ಉಣ್ಣುವವರನ್ನು ಕಂಡರೆ ನನ್ನ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ, ಸಣ್ಣವರಿದ್ದಾಗ ಅಮ್ಮನಿಂದ ಪೆಟ್ಟು ತಿಂದವರ ಕಣ್ಣು. ಉಳಿದ ಕಡೆಯೆಲ್ಲ ಅವನು ಬಲಗೈಯವ. ಅಂದರೆ ಯಾರೋ ಎಂದೋ ಆ ತುಂಡನ್ನು ಮಗುಚಿ ಅಂಟಿಸಿದ್ದರು. ಬಿಡಿಸಿ ತಿರುಗಿಸಿದೆ. ಕುದುರೆ ಊರಿನ ದಾರಿ ಹಿಡಿಯಿತು.

ಅಂದಿನಿಂದ ಯಾವ ಕಷ್ಟದ ಡಬ್ಬಿ ಬಂದರೂ ಡೆಸ್ಮಂಡ್ ಹೇಳುತ್ತಿದ್ದುದು ಒಂದೇ ಮಾತು, “ಗಿರ್ಜಾಗೆ ಕೊಡಿ.” ಮನೆಯಲ್ಲಿ ಯಾರೂ ನನಗೆ ಅಂಥ ಮಾತು ಹೇಳಿದವರಲ್ಲ. ಆ ಎರಡು ಪದಕ್ಕಾಗಿ ಹಿಮದಲ್ಲೂ ನಡೆದು ಹೋಗಿದ್ದೇನೆ.

ಆರೇಳು ವರ್ಷವಾದ ಮೇಲೆ ಜ್ಯೋತಿ ಬಂದಳು. ಬೆಂಗಳೂರಿನವಳು, ಸಿನಿಮಾವನ್ನೇ ಓದಿದವಳು, ಇಪ್ಪತ್ತೇಳು ವರ್ಷ. ನಾನು ಕನ್ನಡದವಳೆಂದು ತಿಳಿದು ಮೊದಲ ದಿನವೇ ಓಡಿ ಬಂದು ಕೈ ಹಿಡಿದುಕೊಂಡಳು. “ಅಯ್ಯೋ ಅಕ್ಕಾ, ಇಲ್ಲಿ ಕನ್ನಡ ಕೇಳ್ತೀನಿ ಅಂತ ಅಂದ್ಕೊಂಡೇ ಇರ್ಲಿಲ್ಲ!” ನನಗೂ ಸಂತೋಷವಾಯಿತು. ಎರಡು ವಾರ ಇತ್ತು ಆ ಸಂತೋಷ.

ಆಮೇಲೆ ಒಂದೊಂದೇ ಚುಚ್ಚತೊಡಗಿತು. ಅವಳು ಡೆಸ್ಮಂಡರನ್ನು “ಡೆಸ್” ಎನ್ನುತ್ತಿದ್ದಳು. ಏಳು ವರ್ಷವಾದರೂ ನನಗೆ “ಸರ್” ಎನ್ನದೆ ಬಾಯಿ ತಿರುಗುತ್ತಿರಲಿಲ್ಲ. ನಾನು ಬೆರಳಿನಿಂದ ತಿಳಿದದ್ದಕ್ಕೆಲ್ಲ ಅವಳ ಬಳಿ ಇಂಗ್ಲಿಷಿನ ಹೆಸರಿತ್ತು. ಟೀ ಹೊತ್ತಿಗೆ ಇಬ್ಬರೂ ಕುದುರೆ ಚಿತ್ರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ನಾನು ಡಬ್ಬಿಯ ಚಕ್ಕುಲಿ ಹಂಚುತ್ತಿದ್ದೆ. ಚಕ್ಕುಲಿಯನ್ನು ಹೊಗಳಿದವಳೂ ಅವಳೇ. ಒಂದು ಮಧ್ಯಾಹ್ನ ಕಷ್ಟದ ಡಬ್ಬಿಯೊಂದು ಬಂತು. ಡೆಸ್ಮಂಡ್ ತಲೆಯೆತ್ತದೆ ಹೇಳಿದರು, “ಜ್ಯೋತಿಯನ್ನು ಕೇಳಿ.”

ನಾನು ಅವಳೊಂದಿಗೆ ಬೇಕೆಂದೇ ದಪ್ಪ ಕುಂದಾಪ್ರ ಕನ್ನಡದಲ್ಲಿ ಮಾತಾಡತೊಡಗಿದೆ, ಅರ್ಥವಾಗದೆ ಒದ್ದಾಡಲಿ ಎಂದು. ಅವಳು ಒಂದು ಪುಸ್ತಕದಲ್ಲಿ ನನ್ನ ಮಾತುಗಳನ್ನು ಬರೆದುಕೊಂಡು ಕಲಿತಳು. ತಿಂಗಳೊಳಗೆ “ಹ್ವಾಯ್ ಅಕ್ಕಾ, ಉಂಡ್ರ್ಯಾ?” ಎಂದು ಕೇಳಿದಳು. ಅದಕ್ಕೂ ಮೈ ಉರಿಯಿತು.

ಮನೆಯವರ ಹತ್ತಿರ ಹೇಳಿಕೊಂಡರೆ ಅವರು ನಗುತ್ತಿದ್ದರು. “ಹೋಟ್ಲಿಗೆ ಹೊಸ ಭಟ್ಟ ಬಂದ್ರೆ ನಾನ್ ಹೀಂಗೆ ಮಾಡ್ತ್ನಾ?”

“ಹೋದ್ ವರ್ಷ ಹೊಸಬನ ಚಟ್ನಿಗೆ ಉಪ್ಪ್ ಹಾಕುಕೆ ಬಿಡ್ದೆ ಇದ್ದದ್ ಯಾರ್?”

ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಆಗ ಬಂತು ಐದು ಡಬ್ಬಿಗಳ ಚಿತ್ರ. ಯಾವುದೋ ಪ್ರಾರ್ಥನಾ ಮಂದಿರದ ಅಟ್ಟದಲ್ಲಿ ಸಿಕ್ಕಿದ್ದು. ಹೆಸರಿನ ತುಂಡು ಕಿತ್ತುಹೋಗಿತ್ತು, ಹಾಗಾಗಿ ನಾವು ಐದು ಡಬ್ಬಿ ಎಂದೇ ಕರೆದೆವು. ವಿಶೇಷವೆಂದರೆ ಅದು ಕಥೆಯ ಕ್ರಮದಲ್ಲಿ ಇರಲಿಲ್ಲ. ಆ ಕಾಲದಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವಂತೆ ಒಂದು ಬಣ್ಣದ ತುಂಡುಗಳನ್ನೆಲ್ಲ ಒಟ್ಟಿಗೆ ಅದ್ದಿ ಒಣಗಿಸಿ, ಆಮೇಲೆ ಪಟ್ಟಿ ನೋಡಿಕೊಂಡು ಕತ್ತರಿಸಿ ಜೋಡಿಸುತ್ತಿದ್ದರು. ಇದನ್ನು ಅದ್ದಿದ್ದರು, ಜೋಡಿಸಿರಲಿಲ್ಲ. ಒಂದು ಡಬ್ಬಿ ಪೂರ್ತಿ ನೀಲಿ, ಒಂದು ಹಳದಿ, ಒಂದು ಕೆಂಪು, ಒಂದು ಬಣ್ಣವಿಲ್ಲದ್ದು, ಐದನೆಯದರಲ್ಲಿ ಅಕ್ಷರದ ಫಲಕಗಳು. ಪಟ್ಟಿ ಇರಲಿಲ್ಲ.

ಡೆಸ್ಮಂಡ್ ನಮ್ಮನ್ನು ಕರೆದು ಹೇಳಿದರು, “ಇದು ನನ್ನ ಕೊನೆಯ ಚಿತ್ರ. ಇದನ್ನು ಪರದೆಯ ಮೇಲೆ ನೋಡಿ ಮನೆಗೆ ಹೋಗುತ್ತೇನೆ.” ಆಮೇಲೆ ನನ್ನ ಕಡೆ ತಿರುಗಿದರು. “ಗಿರ್ಜಾ, ಮೊದಲು ನೀನು ಜೋಡಿಸಿ ನೋಡು.”

ಕಥೆ ಸರಳ. ಬಯಲಿನ ನಡುವೆ ಒಂಟಿ ಮರದ ಮನೆ. ಗಂಡ ಊರಿಗೆ ಹೋಗಿದ್ದಾನೆ. ಒಳಗೆ ಹೆಂಡತಿ, ತೊಟ್ಟಿಲಲ್ಲಿ ಮಗು. ಮೂವರು ಕಳ್ಳರು ಬಾಗಿಲು ಒಡೆಯುತ್ತಿದ್ದಾರೆ. ಅವಳು ತನ್ನ ಮೇಲುಡುಪಿನ ಬಟ್ಟೆ ಹರಿದು, ಹಿಂಬಾಗಿಲಲ್ಲಿ ಕುದುರೆಯ ಜೀನಿಗೆ ಕಟ್ಟಿ ಓಡಿಸುತ್ತಾಳೆ. ಕುದುರೆ ಊರು ಮುಟ್ಟುತ್ತದೆ, ಗಂಡ ಬಟ್ಟೆ ಗುರುತಿಸಿ ಹಾರಿ ಬರುತ್ತಾನೆ.

ನಾನು ಯಕ್ಷಗಾನ ಮೇಳದ ಆಟ ನೋಡಿ ಬೆಳೆದವಳು. ಒಬ್ಬ ವೇಷಧಾರಿ ರಂಗಕ್ಕೆ ಬಂದು, ಕುಣಿದು, ಮಾತಾಡಿ ಒಳಗೆ ಹೋದ ಮೇಲೆ ಇನ್ನೊಬ್ಬ. ಅದೇ ಕ್ರಮದಲ್ಲಿ ಹಳದಿಯನ್ನೆಲ್ಲ ಒಟ್ಟಿಗೆ ಹಾಕಿದೆ: ಮನೆಯೊಳಗಿನ ಕಥೆ ಪೂರ್ತಿ. ಆಮೇಲೆ ನೀಲಿಯನ್ನೆಲ್ಲ: ದಾರಿಯ ಕಥೆ ಪೂರ್ತಿ. ಅಚ್ಚುಕಟ್ಟಾಗಿತ್ತು. ಓಡಿಸಿ ನೋಡಿದಾಗ ಬಾಗಿಲು ಒಡೆದು ಎಷ್ಟೋ ಹೊತ್ತಾದ ಮೇಲೆ ಗಂಡ ಇನ್ನೂ ಊರಲ್ಲಿ ಟೋಪಿ ಹಾಕಿಕೊಳ್ಳುತ್ತಿದ್ದ.

ಜ್ಯೋತಿ ನನ್ನ ಪಕ್ಕ ಬಂದು ಮೆಲ್ಲನೆ, ಕನ್ನಡದಲ್ಲಿ ಹೇಳಿದಳು, ಬೇರೆಯವರಿಗೆ ತಿಳಿಯಬಾರದೆಂದು. “ಅಕ್ಕಾ, ಎರಡೂ ಒಂದೇ ಹೊತ್ತಲ್ಲಿ ನಡೀತಿದೆ. ಇಲ್ಲಿ ಸ್ವಲ್ಪ ತೋರಿಸ್ಬೇಕು, ಅಲ್ಲಿ ಸ್ವಲ್ಪ, ಮತ್ತೆ ಇಲ್ಲಿ. ನೀವು ಅಡುಗೆ ಮಾಡೋವಾಗ ಅನ್ನ ಪೂರ್ತಿ ಆದ್ಮೇಲೆ ಸಾರಿಗೆ ಇಡ್ತೀರಾ? ನಾಲ್ಕು ಒಲೇನೂ ಒಟ್ಟಿಗೆ ನೋಡ್ಕೋತೀರಲ್ವಾ, ಹಂಗೆ.”

ನನ್ನ ಅಡುಗೆಯಿಂದಲೇ ನನಗೆ ಪಾಠ! ಸರಿಯಾಗಿತ್ತು, ಅದಕ್ಕೇ ಸಹಿಸಲಾಗಲಿಲ್ಲ. ಐದು ಡಬ್ಬಿಯೂ ಅವಳ ಮೇಜಿಗೆ ಹೋಯಿತು. ತೂತಿನ ತೇಪೆ ನನ್ನ ಪಾಲಿಗೆ.

ತೇಪೆ ಹಾಕುವವಳಿಗೆ ಫಿಲ್ಮಿನ ಪ್ರತಿಯೊಂದು ಚೌಕವೂ ಕಣ್ಣ ಕೆಳಗೆ ಹಾದುಹೋಗುತ್ತದೆ. ಹಳದಿ ತುಂಡುಗಳಲ್ಲಿ ಒಲೆಯ ಪಕ್ಕ ಒಂದು ಬೋಗುಣಿ, ಅದರಲ್ಲಿ ಬ್ರೆಡ್ಡಿನಂಥ ಉಬ್ಬುವ ರೊಟ್ಟಿಗೆ ಕಲಸಿಟ್ಟ ಹಿಟ್ಟು, ಮೇಲೊಂದು ಬಟ್ಟೆ. ಯಾರೂ ಅದರ ಕಡೆ ನೋಡಿರಲಿಲ್ಲ. ಲಂಡನ್ನಿನ ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರಲಿ ಎಂದು ಒವನ್ನಿನ ದೀಪ ಹಾಕಿ, ಗಂಟೆಗೊಮ್ಮೆ ಬಾಗಿಲು ತೆರೆದು ಇಣುಕುತ್ತಿದ್ದ ನನಗೆ ಅದು ಬಿಟ್ಟು ಬೇರೆ ಏನೂ ಕಾಣಲಿಲ್ಲ. ಒಂದು ತುಂಡಿನಲ್ಲಿ ಬಟ್ಟೆ ಚಪ್ಪಟೆ. ಇನ್ನೊಂದರಲ್ಲಿ ಬಟ್ಟೆ ಬೋಗುಣಿಯ ಕಂಠದ ಮಟ್ಟಕ್ಕೆ. ಮತ್ತೊಂದರಲ್ಲಿ ಹೊಟ್ಟೆ ಬಂದಂತೆ ಉಬ್ಬಿದೆ. ಇನ್ನೊಂದರಲ್ಲಿ ಹಿಟ್ಟು ಅಂಚು ದಾಟಿ ಇಳಿದಿದೆ. ಆರು ತುಂಡು, ಆರು ಮಟ್ಟ. ಪಟ್ಟಿ ಕಳೆದುಹೋಗಿರಲಿಲ್ಲ, ಒಲೆಯ ಪಕ್ಕದಲ್ಲೇ ಇತ್ತು.

ಜ್ಯೋತಿ ಮಗುವನ್ನು ನೋಡಿ ಜೋಡಿಸಿದ್ದಳು: ಮಲಗಿದ ಮಗು ಮೊದಲು, ಎದ್ದ ಮಗು ಆಮೇಲೆ, ಅಳುವ ಮಗು ಕೊನೆಗೆ. ಮಕ್ಕಳನ್ನು ಸಾಕದವರ ಲೆಕ್ಕ ಅದು. ಮಗು ಅತ್ತು ಮಲಗುತ್ತದೆ, ಎದ್ದು ಮತ್ತೆ ಅಳುತ್ತದೆ. ಮುಟ್ಟದೆ ಬಿಟ್ಟ ಹಿಟ್ಟು ಅದೇ ಬಟ್ಟೆಯಡಿ ಉಬ್ಬಿ, ಚಪ್ಪಟೆಯಾಗಿ, ಮತ್ತೆ ಉಬ್ಬುವುದಿಲ್ಲ. ಅವಳ ಆರರಲ್ಲಿ ಮೂರು ತುಂಡು ತಪ್ಪು ಜಾಗದಲ್ಲಿದ್ದವು.

ಟೀ ಹೊತ್ತಿಗೆ ಅವಳು ನನ್ನ ಹತ್ತಿರ ಬಂದಳು, ಹಳದಿ ಸುರುಳಿ ಕೈಯಲ್ಲಿ ಹಿಡಿದು. “ಅಕ್ಕಾ, ಮನೆ ಒಳಗಿನ ಸೀನ್‌ಗಳು ನಂಗೆ ಸ್ವಲ್ಪ ಡೌಟು. ನೀವು ಒಂದ್ಸಲ ನೋಡಿ ಹೇಳ್ತೀರಾ?”

ಒಂದು ವಾಕ್ಯ ಸಾಕಿತ್ತು. ಹಿಟ್ಟನ್ನು ನೋಡು ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಡೆಸ್ಮಂಡರ ಮುಂದೆ ಅದೂ ಅವಳ ಬಾಯಿಂದ, ಚಂದದ ಇಂಗ್ಲಿಷಿನಲ್ಲಿ, ಅವಳ ಮಾತಾಗಿ ಹೊರಬರುತ್ತದೆ ಎಂದುಕೊಂಡೆ.

“ನಂಗೆಂತ ಗೊತ್ತ್ ಮಾರಾಯ್ತಿ,” ಎಂದೆ. “ನೀ ಓದ್ದವ್ಳ್. ನೀ ಮಾಡ್ದದ್ದೇ ಸರಿ.”

ಅವಳು ನನ್ನ ಮುಖವನ್ನೇ ನೋಡಿದಳು. “ಥ್ಯಾಂಕ್ಸ್ ಅಕ್ಕಾ,” ಎಂದು ಹೋದಳು. ನಾನು ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದೆ.

ಪ್ರದರ್ಶನದ ದಿನ ಒಂದು ಸಣ್ಣ ಹಾಲಿನಲ್ಲಿ ಐವತ್ತು ಜನ. ಪರದೆಯ ಪಕ್ಕ ಒಬ್ಬರು ಪಿಯಾನೊ ನುಡಿಸುತ್ತಿದ್ದರು. ಡೆಸ್ಮಂಡ್ ಟೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಜ್ಯೋತಿಯ ಜೋಡಣೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಬಾಗಿಲಿಗೆ ಪೆಟ್ಟು, ಒಂಟಿ ಕುದುರೆ, ಮತ್ತೆ ಬಾಗಿಲು, ಮತ್ತೆ ಕುದುರೆ. ನನಗೆ ಮೂರು ತಿಂಗಳಿಂದ ಗೊತ್ತಿದ್ದ ಕಥೆ, ಆದರೂ ಸೀರೆಯ ಸೆರಗನ್ನು ಹಿಂಡುತ್ತಿದ್ದೆ. ಕುದುರೆ ಓಡುತ್ತಿರುವಾಗ ಒಳಗೆ ಅವಳು ಸಾಯುತ್ತಿದ್ದಾಳೋ ಎಂಬ ಭಯ, ಒಳಗನ್ನು ನೋಡುವಾಗ ಕುದುರೆ ಎಲ್ಲಿಗೆ ಬಂತೋ ಎಂಬ ಚಡಪಡಿಕೆ. ಇದನ್ನು ನನ್ನ ಅಚ್ಚುಕಟ್ಟು ಕೊಂದುಹಾಕಿತ್ತು.

ಬಾಗಿಲ ಹಲಗೆ ಸೀಳಿತು. ಎಲ್ಲರೂ ಉಸಿರು ಹಿಡಿದಿದ್ದರು. ಆಗ ನನ್ನ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ ಹೇಳಿದಳು, “ಅಯ್ಯೋ, ನೋಡಿ, ಅವಳ ರೊಟ್ಟಿ ಹಿಂದಕ್ಕೆ ಹೋಗುತ್ತಿದೆ!”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ಬೋಗುಣಿಯನ್ನೇ ನೋಡತೊಡಗಿದರು. ಉಬ್ಬಿದ್ದು ಚಪ್ಪಟೆಯಾಯಿತು, ನಕ್ಕರು. ಚಪ್ಪಟೆಯಾದದ್ದು ಉಕ್ಕಿತು, ಇನ್ನೂ ನಕ್ಕರು. ಗಂಡ ಕುದುರೆಯಿಂದ ಹಾರಿ ಒಳಗೆ ಬಂದಾಗ ಅವನನ್ನು ನೋಡುವವರೇ ಇಲ್ಲ. ಪಿಯಾನೊದವರೂ ನಗುತ್ತಿದ್ದರು. ಡೆಸ್ಮಂಡರ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಅದು ಅಲುಗಲಿಲ್ಲ.

ದೀಪ ಹತ್ತಿದಾಗ ಜ್ಯೋತಿ ಎದ್ದು ನಿಂತಳು. “ಜೋಡಿಸಿದ್ದು ನಾನು. ತಪ್ಪು ನನ್ನದು,” ಎಂದಳು. ಅವಳ ಕಿವಿ ಕೆಂಪಾಗಿತ್ತು. ನನ್ನ ಕಡೆ ನೋಡಲೂ ಇಲ್ಲ. ನೋಡಲು ಕಾರಣವೂ ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಕೋಟು ಹಾಕಿಕೊಳ್ಳುತ್ತಾ ಡೆಸ್ಮಂಡ್ ನನಗೆ ಹೇಳಿದರು, “ಗಿರ್ಜಾಗೆ ಕೊಡಬೇಕಿತ್ತು.”

ಎರಡು ವರ್ಷದಿಂದ ಕಾದ ಮಾತು. ಬಾಯಲ್ಲಿ ಬೂದಿ ಇಟ್ಟಂತಾಯಿತು. ಆದರೂ, ಹುಡುಗಿಯರೇ, ಇಲ್ಲಿ ನಿಜ ಹೇಳದಿದ್ದರೆ ಉಳಿದದ್ದು ಬರೆದು ಪ್ರಯೋಜನವಿಲ್ಲ. ಅಂದು ಸಂಜೆ ದೀಪದ ಮುಂದೆ ಕೂತು ಗಿಣ್ಣು ಎಣಿಸಿದೆ. ಟ್ಯೂಬಿನಲ್ಲಿ ಕೂರಲು ಜಾಗ ಸಿಕ್ಕಿತು, ಒಂದು. ಬತ್ತಿ ಒಂದೇ ಸಲಕ್ಕೆ ಹತ್ತಿತು, ಎರಡು. ಆಮೇಲೆ ಮೂರನೆಯ ಗಿಣ್ಣಿನ ಮೇಲೆ ಹೆಬ್ಬೆರಳು ಇಟ್ಟು, ಅವಳ ಮುಖ ಸಣ್ಣದಾಯಿತು ಎಂಬುದನ್ನೂ ದೇವರ ಉಪಕಾರ ಎಂದೇ ಎಣಿಸಿದೆ.

ಮಾರನೆಯ ದಿನ ಚಿತ್ರವನ್ನು ಸರಿಮಾಡಲು ನನಗೆ ಕೊಟ್ಟರು. ಹಳದಿ ತುಂಡುಗಳನ್ನು ಬಿಡಿಸುವಾಗ ಡಬ್ಬಿಯ ತಳದಲ್ಲಿ ಜ್ಯೋತಿಯ ಚೀಟಿ ಸಿಕ್ಕಿತು. ಮೂರು ತುಂಡುಗಳ ಸಂಖ್ಯೆ ಬರೆದು, ಕೆಳಗೆ ಕನ್ನಡದಲ್ಲಿ: “ಇಲ್ಲಿ ಡೌಟು. ಗಿರಿಜಕ್ಕನನ್ನು ಕೇಳಬೇಕು.” ಅದರ ಕೆಳಗೆ ಬೇರೆ ಶಾಯಿಯಲ್ಲಿ: “ಕೇಳಿದೆ. ಅಕ್ಕ ಸರಿ ಅಂದರು.” ತಪ್ಪಾಗಿದ್ದ ಮೂರು ತುಂಡುಗಳು ಅವೇ. ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡೆ. ಡೆಸ್ಮಂಡರಿಗೆ ತೋರಿಸಲಿಲ್ಲ. ಎರಡು ದಿನದಲ್ಲಿ ಹಿಟ್ಟನ್ನು ಕ್ರಮಕ್ಕೆ ತಂದೆ. ಎಲ್ಲರೂ ಹೊಗಳಿದರು, ಎಲ್ಲರಿಗಿಂತ ಹೆಚ್ಚು ಜ್ಯೋತಿ. “ನಿಮ್ಮ ಕಣ್ಣು ನಂಗೆ ಕೊಡಿ ಅಕ್ಕಾ,” ಎಂದಳು.

ಡೆಸ್ಮಂಡ್ ಮನೆಗೆ ಹೋದರು. ಸರಿಯಾದ ಚಿತ್ರವನ್ನು ಪರದೆಯ ಮೇಲೆ ಅವರು ನೋಡಲೇ ಇಲ್ಲ. ಸಮುದ್ರದ ದಂಡೆಯ ಊರಿನಿಂದ ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು, ಒಂದು ವರ್ಷ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಜ್ಯೋತಿ ವರ್ಷದೊಳಗೆ ದೊಡ್ಡ ಜಾಗಕ್ಕೆ ಹೋದಳು. ಶೆಡ್ಡಿಗೆ ಕಂಪ್ಯೂಟರ್ ಬಂತು. ಫಿಲ್ಮನ್ನು ಒಮ್ಮೆ ಅದರೊಳಗೆ ಹಾಯಿಸಿದರೆ ಆಮೇಲೆ ಯಾರೂ ಮುಟ್ಟಬೇಕಿಲ್ಲ, ತುಂಡುಗಳನ್ನು ಪರದೆಯ ಮೇಲೇ ಹಿಂದೆ ಮುಂದೆ ಸರಿಸಬಹುದು. ನಾನೂ ಕಲಿತೆ. ಒಳ್ಳೆಯದೇ, ಹರಿಯುವ ಭಯವಿಲ್ಲ. ಆದರೆ ತಪ್ಪು ಜೋಡಿಸಿದವನ ಕೈಗೆ ಒಂದು ಗೀರೂ ಆಗುವುದಿಲ್ಲ. ನಿಮಗೆ ನನ್ನ ಬುದ್ಧಿಮಾತು ಎರಡೇ: ಮುಖಗಳನ್ನು ಎಲ್ಲರೂ ನೋಡುತ್ತಾರೆ, ನೀವು ಒಲೆಯ ಪಕ್ಕ ನೋಡಿ. ಪಕ್ಕದ ಮೇಜಿನವಳು ಕೇಳಿದರೆ ಹೇಳಿಬಿಡಿ.

ಈಗ ಫೋನಿನ ಮಾತಿಗೆ ಬರುತ್ತೇನೆ.

“ನಾನು ಎಲ್ಲಾ ಕಡೆ ಹೇಳ್ತೀನಿ ಅಕ್ಕಾ,” ಎನ್ನುತ್ತಿದ್ದಳು ಜ್ಯೋತಿ. “ನಾನು ಓದಿ ಓದಿ ತಪ್ಪು ಮಾಡ್ದೆ, ನಮ್ಮ ಗಿರಿಜಕ್ಕ ಬಂದು ಹಿಟ್ಟು ನೋಡಿ ಸರಿ ಮಾಡಿದ್ರು ಅಂತ. ಈ ಸಲ ನೋಡೋಕೆ ಬಂದವರಿಗೆ ಕೊಡೋ ಹಾಳೇಲಿ ನಿಮ್ಮ ಹೆಸರೇ ಮೊದಲು ಹಾಕಿದೀನಿ.”

ಏಳು ವರ್ಷ ಅವಳು ನನ್ನನ್ನು ಹೊಗಳಿಕೊಂಡು ತಿರುಗಿದ್ದಾಳೆ, ತನ್ನ ಅವಮಾನವನ್ನೇ ಕಥೆ ಮಾಡಿಕೊಂಡು. ದೊಡ್ಡ ಮನಸ್ಸಿನಿಂದ ಕೊಡುವವಳು ಆಗಲೂ ಅವಳೇ, ಈಗಲೂ ಅವಳೇ. ಕೈಯ ಹಿಟ್ಟು ಒಣಗಿ ಬಿಗಿಯುತ್ತಿತ್ತು.

“ಜ್ಯೋತಿ,” ಎಂದೆ. “ನಂಗೆ ಮೊದ್ಲೇ ಗೊತ್ತಿತ್ತ್.”

“ಏನು ಅಕ್ಕಾ?”

“ಹಿಟ್ಟಿಂದ್. ಟೀ ಹೊತ್ತಿಗೆ ನೀ ಸುರುಳಿ ಹಿಡ್ಕಂಡ್ ಬಂದ್ ಕೇಳ್ದ್ಯಲೆ, ಆ ದಿನವೇ ಗೊತ್ತಿತ್ತ್. ಹೊಟ್ಟೆಕಿಚ್ಚಿಂದ ಹೇಳ್ಲಿಲ್ಲೆ.”

ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಅವಳ ಉಸಿರು ಕೇಳಿಸಿತು.

“ಡೆಸ್‌ಗೆ ಗೊತ್ತಿತ್ತಾ?”

“ಇಲ್ಲೆ.”

ಆ ಕಡೆ ಯಾವುದೋ ಕುರ್ಚಿ ಸರಿದ ಸದ್ದು. “ಅವತ್ತು ರಾತ್ರಿಯೆಲ್ಲ ಅತ್ತಿದ್ದೆ ಅಕ್ಕಾ,” ಎಂದಳು. ದನಿಯಲ್ಲಿ ಎಂದಿನ ನಗು ಇರಲಿಲ್ಲ. “ಬನ್ನಿ. ಬಂದು ಇದನ್ನೂ ಹೇಳಿ ಆ ಹುಡುಗೀರಿಗೆ.” ಇಟ್ಟುಬಿಟ್ಟಳು.

ಕ್ಷಮಿಸಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟನ್ನು ಹೇಳಲು ಬರುತ್ತದಲ್ಲ ಅವಳಿಗೆ ಎಂದು ಅದಕ್ಕೂ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ನಾಲ್ವರ ಮುಂದೆ ನಿಂತಾಗ ನಾಲಿಗೆ ತೊಡರಿದರೆ ಓದಿ ಹೇಳಲು ಇರಲಿ ಎಂದು ಇದನ್ನು ಬರೆದಿಟ್ಟಿದ್ದೇನೆ. ಚೀಟಿಯೂ ಇದೆ, ದೇವರ ಪಟದ ಹಿಂದೆ. ಅದನ್ನೂ ತರುತ್ತೇನೆ.

ಗ್ರೈಂಡರ್ ಹಾಕಿದೆ. ಅಕ್ಕಿ ತರಿಯಾದ ಮೇಲೆ ಉದ್ದಿಗೆ ಸೇರಿಸಿ, ಉಪ್ಪು ಹಾಕಿ, ಕೈಯಿಂದ ಕಲಸಿದೆ. ಒವನ್ನಿನ ದೀಪ ಹಚ್ಚಿ ಪಾತ್ರೆಯನ್ನು ಒಳಗಿಟ್ಟೆ. ಉಕ್ಕಿದರೆ ಇರಲಿ ಎಂದು ಅಡಿಯಲ್ಲಿ ಒಂದು ತಟ್ಟೆ ಇಟ್ಟು, ಬಾಗಿಲು ಮುಚ್ಚಿ, ಗ್ರೈಂಡರಿನ ಕಲ್ಲು ತೊಳೆಯಲು ಸಿಂಕಿನ ಕಡೆ ಹೋದೆ.